ಕಾಮೆಂಟಿನಲ್ಲಿ ಒಂದು ಒಂಟಿ ಬ್ರ್ಯಾಕೆಟ್

ಎರಡು ಸಾವಿರದ ಇಸವಿಯ ಆಸುಪಾಸು. ಜಯನಗರದ ಮನೆಯೊಂದರ ಮೇಲಿನ ಮಹಡಿಯೇ ನಮ್ಮ ಆಫೀಸು. ನನ್ನ ಪಕ್ಕದ ಸೀಟಿನವಳು ಹುಬ್ಬಳ್ಳಿಯಿಂದ ಬಂದು ಬಿಟಿಎಂ ಬಡಾವಣೆಯಲ್ಲಿ ಬಾಡಿಗೆ ರೂಮು ಹಿಡಿದಿದ್ದಳು. ಪ್ರೋಗ್ರಾಮಿಗಿಂತ ಅದರ ಕಾಮೆಂಟುಗಳನ್ನೇ ಹೆಚ್ಚು ಪ್ರೀತಿಯಿಂದ ಬರೆಯುವವಳು. ಕಂಪ್ಯೂಟರು ಓದದೆ ಬಿಟ್ಟುಬಿಡುವ, ಮನುಷ್ಯರಿಗಷ್ಟೇ ಮೀಸಲಾದ ಆ ಟಿಪ್ಪಣಿಗಳಿಗೆ ಪರೀಕ್ಷೆಯ ಉತ್ತರದಂತೆ ಅಂಕಿ ಬೇರೆ ಹಾಕುತ್ತಿದ್ದಳು.

ನಮ್ಮ ಪ್ರೋಗ್ರಾಮು ಹಾಕುವ ಮೊದಲು ಗ್ರಾಹಕರ ಕಂಪ್ಯೂಟರಿನಲ್ಲಿ ಏನೇನಿದೆಯೆಂದು ತಪಾಸಣೆ ಮಾಡುವ ಸ್ಕ್ರಿಪ್ಟೊಂದು ನಮ್ಮಲ್ಲಿತ್ತು. ನಾವು ಬರೆದ ಪುಟ್ಟ ಫೈಲಿನ ಮ್ಯಾಕ್ರೋಗಳನ್ನು, ಅಂದರೆ ಚುಟುಕು ಹೆಸರುಗಳನ್ನು, ಪೂರ್ತಿ ಕೋಡಾಗಿ ಹಿಗ್ಗಿಸಿ ಆ ಸ್ಕ್ರಿಪ್ಟನ್ನು ತಯಾರಿಸುವುದು ಇನ್ನೊಂದು ಉಪಕರಣದ ಕೆಲಸ. ಹಿಗ್ಗಿಸದೆ ಹಾಗೇ ಇಡಬೇಕಾದದ್ದನ್ನು ಚೌಕ ಬ್ರ್ಯಾಕೆಟ್ಟಿನೊಳಗೆ ಇಡಬೇಕು. ಒಂದು ಬೆಳಿಗ್ಗೆ ಸ್ಕ್ರಿಪ್ಟು, ‘]’ ಎಂಬ ಕಮಾಂಡೇ ಸಿಗುತ್ತಿಲ್ಲವೆಂದು ದೂರತೊಡಗಿತು. ಅಂಥ ಕಮಾಂಡನ್ನು ನಾವ್ಯಾರೂ ಬರೆದಿರಲಿಲ್ಲ.

ಇಬ್ಬರೂ ಕೂತು ಬ್ರ್ಯಾಕೆಟ್ಟುಗಳನ್ನು ಜೋಡಿ ಜೋಡಿಯಾಗಿ ನೋಡಿದೆವು. ಎಲ್ಲವೂ ಸರಿಯಾಗಿದ್ದವು. ಊಟದ ಹೊತ್ತಿಗೆ ನನಗೆ ರೇಗಿಹೋಯಿತು.

“ನಿನ್ನ ಈ ಪ್ರಬಂಧ ತೆಗೀತೀನಿ ಕಣೇ. ಕೋಡ್ ಒಂದೇ ಸ್ಕ್ರೀನಲ್ಲಿ ಕಾಣ್ಲಿ.”

“ತಗಿ. ಆಮ್ಯಾಲೆ ತಿಳೀಲಿಲ್ಲ ಅಂತ ನನ್ನ ಕಡೆ ಬರಬ್ಯಾಡ,” ಎಂದಳು.

ಕಾಮೆಂಟು ಅಳಿಸಿದೆ. ಸ್ಕ್ರಿಪ್ಟು ಗೊಣಗದೆ ಓಡಿತು! ವಾಪಸ್ ಹಾಕಿದೆ, ಮತ್ತೆ ಅದೇ ದೂರು.

“ಅಯ್ಯ, ನಾ ಅಂಥಾದ್ದೇನ ಬರದೀನಿ?” ಎಂದು ಅವಳು ಕುರ್ಚಿ ಎಳೆದುಕೊಂಡು ಬಂದಳು. ಮುಖ ಚಿಕ್ಕದಾಗಿತ್ತು.

ಒಂದೊಂದೇ ಸಾಲು ತೆಗೆದು ನೋಡಿದೆವು. ಮೊದಲ ಸಾಲು ತೆಗೆದರೂ ದೂರು ನಿಲ್ಲಲಿಲ್ಲ, ಎರಡನೆಯದನ್ನೂ ತೆಗೆದ ಮೇಲೆಯೇ ನಿಂತಿತು. ಎರಡೂ ಸಾಲಿನ ಶುರುವಿನಲ್ಲಿ ಅಂಕಿ, ಅದರ ಪಕ್ಕ ಒಂದು ಮುಚ್ಚುವ ಬ್ರ್ಯಾಕೆಟ್: 1], 2]. ನಾವು ಹುಡುಕುವಾಗ ಕಾಮೆಂಟನ್ನು ಬಿಟ್ಟು ಉಳಿದದ್ದನ್ನೆಲ್ಲ ನೋಡಿದ್ದೆವು. ಆದರೆ ಆ ಕಾಮೆಂಟು ಇದ್ದದ್ದೇ ಒಂದು ಚೌಕ ಬ್ರ್ಯಾಕೆಟ್ಟಿನೊಳಗೆ, ಅಲ್ಲಿಗೆ ಹೊಕ್ಕ ಮೇಲೆ ಆ ಉಪಕರಣಕ್ಕೆ ಕಾಮೆಂಟೆಂಬುದೇ ಇಲ್ಲ. ಅವಳ ಅಂಕಿಯ ಪಕ್ಕದ ಬ್ರ್ಯಾಕೆಟ್ಟನ್ನೇ ಅದು ಕೊನೆಯೆಂದು ತಿಳಿದಿತ್ತು. ನಿಜವಾದ ಕೊನೆಯ ಬ್ರ್ಯಾಕೆಟ್ಟು ಅನಾಥವಾಗಿ ಸ್ಕ್ರಿಪ್ಟಿನೊಳಗೆ ಬಿದ್ದಿತ್ತು.

“ಸಾಲ್ಯಾಗ ಮಾಸ್ತರು ಹಿಂಗ ಬರೀಲಿಕ್ಕೆ ಕಲಿಸ್ಯಾರ!” ಎಂದು ಅವಳು ನಗತೊಡಗಿದಳು. ನನಗೂ ತಡೆಯಲಾಗಲಿಲ್ಲ.

ಬ್ರ್ಯಾಕೆಟ್ ತೆಗೆದು ಚುಕ್ಕಿ ಇಟ್ಟಳು. ಅಷ್ಟಕ್ಕೇ ಬಿಡಲಿಲ್ಲ. ಮುಂದೆ ಬರುವವರಿಗೆ ಗೊತ್ತಿರಲೆಂದು ಕಾಮೆಂಟಿನಲ್ಲಿ ಒಂಟಿ ಬ್ರ್ಯಾಕೆಟ್ ಹಾಕಬಾರದೆಂಬ ಎಚ್ಚರಿಕೆಯೊಂದನ್ನು ಮೂರನೆಯ ಅಂಶವಾಗಿ ಟೈಪ್ ಮಾಡತೊಡಗಿದಳು.

“ಉದಾಹರಣೆ ಗಿದಾಹರಣೆ ಕೊಡ್ಬೇಡ ಕಣೇ!” ಎಂದು ನಾನು ಕೂಗಿಕೊಂಡೆ.