ಎಲ್ಲರಿಗೂ ಇರುವ ಅಜ್ಜಿ

ಸೀಟು ಕೊಟ್ಟರೆ ಬೇರೆಲ್ಲೂ ಹೋಗಲ್ಲ, ನಿಮ್ಮಲ್ಲಿಗೇ ಬರ್ತೀನಿ ಅಂತ ಅಡಿಲೇಡ್‌ನ ಮೆಡಿಕಲ್ ಕಾಲೇಜೊಂದಕ್ಕೆ ಪತ್ರ ಬರೆದಿದ್ದೆ. ಡಯಾಲಿಸಿಸ್‌ಗೆ ನಾನೇ ಕರ್ಕೊಂಡು ಹೋಗ್ತಿದ್ದ ಅಜ್ಜಿ ತೀರಿಹೋದದ್ದನ್ನೂ ಅದರಲ್ಲಿ ಹೇಳಿದ್ದೆ. ಅದೇ ಊರಿನ ಮಾಡ್ಬರಿ ಬಡಾವಣೆಯ ಅಂಕಲ್ ಒಬ್ಬರು "ನನ್ನ ಮಗಳಿಗೊಂದು ಸ್ಯಾಂಪಲ್ ಕೊಡಪ್ಪ" ಅಂದರು, ಆ ಪತ್ರವನ್ನೇ ಕೊಟ್ಟೆ. ಆ ಹುಡುಗಿ ಹೆಸರೊಂದು ಬದಲಾಯಿಸಿ, ಮಿಕ್ಕಿದ್ದನ್ನು ಇದ್ದಹಾಗೇ ಇಳಿಸಿ, ಅದೇ ಕಾಲೇಜಿಗೆ ಕಳಿಸಿದಳು. ಕಾಲೇಜಿನವರು ಇಬ್ಬರಿಂದಲೂ ವಿವರಣೆ ಕೇಳಿದರು.

ಮೈಯೆಲ್ಲ ಉರಿದು ಅವರ ಮನೆಗೆ ಹೋದೆ. "ನಮ್ಮಜ್ಜಿ ಸಾವನ್ನೂ ಕದಿಯೋದಾ ಅಂಕಲ್?"

"ಅಜ್ಜಿ ಎಲ್ಲರಿಗೂ ಇರ್ತಾರಲ್ಲಪ್ಪ," ಅಂದರು, ಟಿವಿಯಿಂದ ಕಣ್ಣು ತೆಗೆಯದೆ.

ಬಾಯಿಗೆ ಬಂದಹಾಗೆ ಬಯ್ಯೋಣ ಅಂತಿದ್ದೆ. ಅಷ್ಟರಲ್ಲಿ ಅವರ ತಾಯಿ, ಅಂದರೆ ಆ ಹುಡುಗಿಯ ಅಜ್ಜಿ, ಅಡುಗೆಮನೆಯಿಂದ ತಟ್ಟೆ ಹಿಡಿದು ಬಂದರು.

"ಬಿಸಿ ಚಕ್ಕುಲಿ, ತಗೋ ಮಗಾ."

ಪಾಪ, ತಾವು ತೀರಿಕೊಂಡಿರೋ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ.