ಚಾಕೋ ಸರ್ ಮತ್ತು ಸಾಂಬಾರಿನ ಬಕೆಟ್

ಕಳೆದ ಭಾನುವಾರ ನಮ್ಮ ಹೊಸ ಮನೆಯ ಒಕ್ಕಲಿನಲ್ಲಿ, ಅಂದರೆ ಗೃಹಪ್ರವೇಶದಲ್ಲಿ, ಜಗಳ ಆಯಿತು. ಜಾಗದ ಗಡಿಗಲ್ಲ, ಆಸ್ತಿ ಪಾಲಿಗಲ್ಲ. ಒಂದು ಬಕೆಟ್ ಸಾಂಬಾರಿಗೆ.

ಬಕೆಟಿನ ಒಂದು ಕಡೆ ಹಿಡಿದವನು ನಾನು. ಇನ್ನೊಂದು ಕಡೆ, ನನಗೆ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸಿದ ಚಾಕೋ ಸರ್. ವಯಸ್ಸು ಎಪ್ಪತ್ತರ ಹತ್ತಿರ. (ಹಿಡಿತ ಮಾತ್ರ ಇಪ್ಪತ್ತೈದರದ್ದು.)

"ಸರ್, ನೀವು ಕೂತ್ಕೊಳ್ಳಿ. ನೀವು ಬಡಿಸುದಾ?"

"ಯಾಕೆ, ನನ್ನ ಕೈಗೆ ಎಂತ ಆಗಿದೆ ಮಾರಾಯ?"

ಸರ್ ಬಗ್ಗೆ ಸ್ವಲ್ಪ ಹೇಳಬೇಕು. ಕ್ರಿಶ್ಚಿಯನ್ ಮನೆತನ. ಕೇರಳದಿಂದ ಅಪ್ಪನ ಹೆಗಲ ಮೇಲೆ ಕೂತು ನೆಲ್ಯಾಡಿಗೆ ಬಂದಾಗ ಅವರಿಗೆ ನಾಲ್ಕು ವರ್ಷ. ಅಪ್ಪ ರಬ್ಬರ್ ತೋಟ ಇಟ್ಟರು. ಮಗ ಬೆಳಗ್ಗೆ ಮರ ಗೀರಿ ಹಾಲು ತೆಗೆಯುವ ಟ್ಯಾಪಿಂಗ್ ಮುಗಿಸಿ ಶಾಲೆಗೆ ಓಡಿ, ಕನ್ನಡ ಕಲಿತು, ಎಂಎ ಮಾಡಿ, ಪುತ್ತೂರಿನ ಕಾಲೇಜೊಂದರಲ್ಲಿ ಮೂವತ್ತು ವರ್ಷ ಪಾಠ ಮಾಡಿದರು. ಪಿಎಚ್‌ಡಿ ಯಾವುದರ ಮೇಲೆ? ವಲಸೆ ಬಂದವರ ಮೇಲೆ. ("ಮಾಹಿತಿ ಸಿಗ್ತದಾ?" ಎಂದು ಗೈಡ್ ಕೇಳಿದರಂತೆ. "ಮನೆಯಲ್ಲೇ ಉಂಟು ಸರ್" ಎಂದರಂತೆ ಇವರು.)

ತುಳು ನನಗಿಂತ ಚೆನ್ನಾಗಿ ಮಾತಾಡುತ್ತಾರೆ. ನಮ್ಮ ಮನೆಮಾತು ಅರೆಭಾಷೆಯನ್ನು ನನ್ನ ಮಕ್ಕಳಿಗಿಂತ ಚೆನ್ನಾಗಿ. ಆದರೂ ಅವರನ್ನು ಕಂಡ ಕೂಡಲೇ ನಾವೆಲ್ಲ ನಮ್ಮ ಹರಕು ಮಲಯಾಳ ತೆಗೆಯುತ್ತೇವೆ. ಪಾಪ, ಅವರು ತುಳುವಿನಲ್ಲೇ ಉತ್ತರ ಕೊಡುತ್ತಾರೆ. ನಾವು ಬಿಡಬೇಕಲ್ಲ!

ಅವರ ಕ್ಲಾಸೂ ಹಾಗೆಯೇ, ಪುಸ್ತಕದ್ದಲ್ಲ. "ಯಾವುದಾದರೂ ಮನೆಯ ಕಾರ್ಯಕ್ರಮಕ್ಕೆ ಹೋಗಿ. ಯಾರು ಕೂತು ಉಣ್ತಾರೆ, ಯಾರು ಬಡಿಸ್ತಾರೆ, ಬರ್ಕೊಂಡು ಬನ್ನಿ" ಎನ್ನುತ್ತಿದ್ದರು. ನಮ್ಮ ಕಡೆ ಗೊತ್ತಲ್ಲ, ಕೂತು ಉಣ್ಣುವವರು ನೆಂಟರು. ಬಡಿಸುವವರು ಮನೆಯವರು, ಮತ್ತೆ ಮನೆಯವರಂತೆಯೇ ಇರುವ ನೆರೆಕರೆಯವರು. ನಾನೂ ಹೋಗಿ ನೋಡಿ ಬರೆದಿದ್ದೆ. ಒಳ್ಳೆಯ ಮಾರ್ಕೂ ಬಂದಿತ್ತು. ಅರ್ಥ ಆಗಿರಲಿಲ್ಲ, ಅಷ್ಟೇ.

ಬಕೆಟಿಗೆ ಬರೋಣ. "ನಿಮಗೊಂದು ಗೌರವ ಬೇಡವಾ ಸರ್?" ಎಂದೆ.

"ಗೌರವ ಸಾಕಾಯ್ತು ಮಾರಾಯ. ಸನ್ಮಾನದ ಶಾಲುಗಳೇ ಒಂದು ಕಪಾಟು ಉಂಟು. ಎಷ್ಟು ಮನೆಯಲ್ಲಿ ಉಂಡಿದ್ದೇನೆ! ಎಲ್ಲ ಕಡೆ ಫಸ್ಟ್ ಪಂಕ್ತಿ, ಫ್ಯಾನಿನ ಅಡಿ. ಒಂದೇ ಒಂದು ಮನೆಯಲ್ಲಿ ಸೌಟು ಕೈಗೆ ಕೊಡ್ಲಿಲ್ಲ."

ನಗಲು ನೋಡಿದೆ. ಅವರು ನಗಲಿಲ್ಲ.

"ನನ್ನ ಮಗಳ ಮದುವೆಯಲ್ಲಿ ನೀನು ಯಾರನ್ನೂ ಕೇಳದೆ ಕೋಳಿ ಸಾರಿನ ಪಾತ್ರೆ ಹಿಡಿದೆಯಲ್ಲ. ನಾನು ಬೇಡ ಹೇಳಿದ್ನಾ?"

ಹೇಳಿರಲಿಲ್ಲ. ಕೇಳಬೇಕು ಅಂತ ನನಗೆ ಹೊಳೆದೂ ಇರಲಿಲ್ಲ. ಈಗ ನಾಚಿಕೆಯಾಯಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ?

"ಹಾಗಲ್ಲ ಸರ್, ಹಿರಿಯರು ಏನಾದರೂ ಹೇಳಿದರೆ..."

ಜಾತಿ, ಧರ್ಮ ಎಂಬ ಶಬ್ದ ಬಾಯಿಂದ ಬರಲಿಲ್ಲ. ನಾವು ಓದಿದವರು ನೋಡಿ. ಅದಕ್ಕೆಲ್ಲ ನಮ್ಮ ಹತ್ತಿರ ಇಸ್ತ್ರಿ ಹಾಕಿದ ಹೆಸರುಗಳಿವೆ.

"ನಿನ್ನನ್ನು ಪಾಸ್ ಮಾಡಿದ್ದೇ ತಪ್ಪು" ಎಂದರು ಸರ್. ಬಕೆಟ್ ಎಳೆದುಕೊಂಡರು, ಪಂಚೆ ಎತ್ತಿ ಕಟ್ಟಿದರು, ಪಂಕ್ತಿಗೆ ಇಳಿದೇಬಿಟ್ಟರು.

ಅನ್ನದ ಬುಟ್ಟಿ ಹಿಡಿದು ನಾನು ಮುಂದೆ, ಸಾಂಬಾರು ಹಿಡಿದು ಅವರು ಹಿಂದೆ. ಮೊದಲನೇ ಎಲೆ ನನ್ನ ದೊಡ್ಡಮ್ಮನದ್ದು. ತೊಂಬತ್ತರ ಆಸುಪಾಸು, ನಮ್ಮ ಕುಟುಂಬದ ಸುಪ್ರೀಂ ಕೋರ್ಟು. ತಲೆ ಎತ್ತಿ ಸರ್ ಮುಖ ನೋಡಿದರು. ಬಕೆಟ್ ನೋಡಿದರು. ನಾನು ನಡುವೆ ಬಾಯಿ ಹಾಕಿದೆ.

"ದೊಡ್ಡಮ್ಮ, ಇವರು ನೆಲ್ಯಾಡಿಯ..."

"ಗೊತ್ತುಂಟು, ಚಾಕೋ ಮಾಸ್ಟ್ರು. ಮಾಸ್ಟ್ರೇ, ಅಡಿಯಿಂದ ಕಲಕಿ ಹಾಕಿ, ಮೇಲೆ ಬರೀ ನೀರು ಉಂಟು." ಮತ್ತೆ ನನ್ನ ಕಡೆ ತಿರುಗಿದರು. "ನೀನು ಎಂತ ಕಂಬದ ಹಾಗೆ ನಿಂತದ್ದು? ಮುಂದೆ ಹೋಗು!"

ಸರ್ ಅಡಿಯಿಂದ ಕಲಕಿ ಎರಡು ಸೌಟು ಹಾಕಿ ಮುಂದಿನ ಎಲೆಗೆ ಹೋದರು. ಚಪ್ಪರ ಕುಸಿಯಲಿಲ್ಲ. ಯಾರೂ ಎದ್ದು ಹೋಗಲಿಲ್ಲ. ಮೂರು ಪಂಕ್ತಿಗೂ ಅವರೇ ಬಡಿಸಿದರು.

ಹಾಗಾದರೆ ಇಷ್ಟು ವರ್ಷ ಅವರ ಕೈಗೆ ಸೌಟು ಕೊಡದ ಆ ‘ಹಿರಿಯರು’ ಯಾರು ಮಾರಾಯ್ರೆ? ನನಗೆ ಬರುವ ತಿಂಗಳು ಐವತ್ತು ತುಂಬುತ್ತದೆ.