ಅಪ್ಪನೇ ರಿಪೇರಿ ಮಾಡಿದ್ದು

ನನ್ನ ತಂಗಿಗೆ ಸುಟ್ಟುಹೋದ ಫ್ಯಾನಿನ ಮೋಟಾರು ಕೊಟ್ಟು ನೋಡಿ. ಹಳೆ ತಂತಿ ಕಿತ್ತು, ಹೊಸದು ಸುತ್ತಿ, ಮಧ್ಯಾಹ್ನದೊಳಗೆ ಗಾಳಿ ಬೀಸುವ ಹಾಗೆ ಮಾಡಿಕೊಡುತ್ತಾಳೆ. ನಮ್ಮಪ್ಪ ಕಲಿಸಿದ ವಿದ್ಯೆ. ಅವಳ ಗಂಡನಿಗೋ, ಸ್ಕ್ರೂಡ್ರೈವರ್ ನೆಟ್ಟಗೆ ಹಿಡಿಯಲೂ ಬಾರದು. ಮಾತು ಮಾತ್ರ ಅರಳು ಹುರಿದ ಹಾಗೆ.

ಆದರೆ ಗಿರಾಕಿಗಳು ಹೆಂಗಸಿನ ಕೈಗೆ ಮೋಟಾರು ಕೊಡಲು ಹಿಂದೆಮುಂದೆ ನೋಡುತ್ತಿದ್ದರು. ಅದಕ್ಕೇ ಇವಳು ತನ್ನ ರಿಪೇರಿ ಅಂಗಡಿಯನ್ನು ಗಂಡನ ಹೆಸರಿಗೆ ಮಾಡಿಸಿ, ಅವನನ್ನು ಮುಂದೆ ಕೂರಿಸಿ, ತಾನು ಪರದೆಯ ಹಿಂದೆ ಕೂತಳು. ಮಗಳಿಗೂ ಮಾತು ಬಂದಾಗಿನಿಂದ ಅದನ್ನೇ ಕಲಿಸಿದಳು: "ಯಾರು ಕೇಳಿದ್ರೂ ಅಪ್ಪನೇ ರಿಪೇರಿ ಮಾಡಿದ್ದು ಅನ್ನು. ಅಮ್ಮ ಸುಮ್ನೆ ಕೂತಿರ್ತಾಳೆ ಅನ್ನು."

"ನಿನಗೇನು ತಲೆ ಕೆಟ್ಟಿದೆಯೇನೇ?" ಎಂದು ನಾನು ರೇಗಿದರೆ, "ಹೋಗ್ಲಿ ಬಿಡಕ್ಕ, ಅವರಿಗೂ ಮರ್ಯಾದೆ ಬೇಡ್ವಾ?" ಎನ್ನುತ್ತಿದ್ದಳು.

ಆ ಮರ್ಯಾದಸ್ಥ ಒಂದು ದಿನ ವಿಚ್ಛೇದನ ಕೇಳಿದ. ಅಂಗಡಿ ತನ್ನದು, ಮಗಳೂ ತನಗೇ ಬೇಕು, ಇವಳಿಗೆ ಕಾಸಿನ ಸಂಪಾದನೆಯಿಲ್ಲ, ಮಗುವನ್ನು ಹೇಗೆ ಸಾಕುತ್ತಾಳೆ ಎಂದು ಕೋರ್ಟಿಗೆ ಬರೆದುಕೊಟ್ಟ. ತಂಗಿ ಹೇಳಿದ್ದು ಒಂದೇ ಮಾತು: "ಅಂಗಡಿ ಹಾಳಾಗ್ಲಿ ಅಕ್ಕ, ಪುಟ್ಟಿ ನನ್ನ ಹತ್ರ ಇದ್ರೆ ಸಾಕು."

"ಜಡ್ಜು ಮಗೂನೇ ಒಳಗೆ ಕರೆದು ಕೇಳ್ತಾರೆ," ಎಂದರು ನಮ್ಮ ವಕೀಲಮ್ಮ. "ನೀವು ಏನೂ ಹೇಳಿಕೊಡೋಕೆ ಹೋಗ್ಬೇಡಿ. ಹೇಳಿಕೊಟ್ಟ ಮಾತು ಅವರಿಗೆ ಗೊತ್ತಾಗಿಬಿಡುತ್ತೆ."

ನಾವು ತುಟಿಪಿಟಕ್ಕೆನ್ನಲಿಲ್ಲ. ಒಂಬತ್ತು ವರ್ಷದ ಮಗು, ಕಂಡದ್ದನ್ನು ಹೇಳುತ್ತದೆ ಅಂದುಕೊಂಡೆವು.

ಆ ದಿನ ಪುಟ್ಟಿ ಜಡ್ಜರ ಕೋಣೆಯೊಳಗಿಂದ ನಗುನಗುತ್ತಾ ಓಡಿಬಂದಳು. "ಅಮ್ಮಾ, ಅಂಗಡೀಲಿ ಕೆಲಸ ಯಾರು ಮಾಡ್ತಾರೆ ಅಂತ ಕೇಳಿದ್ರು. ಅಪ್ಪನೇ ಎಲ್ಲಾ ಮಾಡೋದು, ಅಮ್ಮ ಸುಮ್ನೆ ಕೂತಿರ್ತಾಳೆ ಅಂದೆ. ಸರಿಯಾಗಿ ಹೇಳಿದ್ನಾ?"

ಅಯ್ಯೋ ದೇವರೇ! ಪಕ್ಕದ ಬೆಂಚಿನಲ್ಲಿದ್ದ ಆ ಮಹಾಶಯ ಎಲ್ಲ ಕೇಳಿಸಿಕೊಂಡೂ ಮೊಬೈಲ್ ಒತ್ತುತ್ತಾ ಕೂತಿದ್ದ. ತಂಗಿ ಮಗಳ ತಲೆ ಸವರಿ, "ಹೇಳಿಕೊಟ್ಟ ಹಾಗೇ ಹೇಳ್ದೆ ಕಣೆ," ಎಂದಳು.

ಪೂರ್ತಿ ತೀರ್ಪು ಬರುವತನಕ ಮಗು ಅಪ್ಪನ ಬಳಿ ಇರಲಿ, ಭಾನುವಾರ ತಾಯಿಯ ಹತ್ತಿರ ಕಳಿಸಲಿ ಎಂದಾಯಿತು.

ಮೊದಲ ಭಾನುವಾರ ಪುಟ್ಟಿ ಭಾರದ ಚೀಲವೊಂದನ್ನು ಎಳೆದುಕೊಂಡು, ತಂಗಿ ಬಂದು ಸೇರಿದ್ದ ನಮ್ಮ ಮನೆಗೆ ಬಂದಳು. ಬಟ್ಟೆಯಿರಬೇಕೆಂದು ನಾನೇ ಬಿಚ್ಚಿದೆ. ಒಳಗೆ ಸುಟ್ಟ ಮೋಟಾರು!

"ಅಪ್ಪ ಕೊಟ್ರು ದೊಡ್ಡಮ್ಮ. ಸಂಜೆಯೊಳಗೆ ಅಮ್ಮ ಸುತ್ತಿಕೊಡ್ಬೇಕಂತೆ, ಗಿರಾಕಿ ಕಾಯ್ತಿದಾರಂತೆ."

ಏನು ಗುಂಡಿಗೆ ಇವನದು! ಬೀದಿಗೆ ಬಿಸಾಡುತ್ತೇನೆಂದು ಎತ್ತಿಕೊಂಡೆ. ತಂಗಿ ಕೈ ಹಿಡಿದಳು.

"ಬೇಡ ಅಕ್ಕ. ಅದನ್ನ ಹಾಗೇ ಇಡು. ವಕೀಲಮ್ಮನಿಗೆ ಫೋನ್ ಮಾಡು."

ಪುಟ್ಟಿ ನಮ್ಮಿಬ್ಬರ ಮುಖ ನೋಡಿದಳು. "ಮತ್ತೆ ಒಳಗೆ ಕರೆದು ಕೇಳಿದ್ರೆ, ನಾನೇನು ಹೇಳ್ಲಿ ಅಮ್ಮ?"

"ನೀನು ಕಂಡಿದ್ದನ್ನ ಹೇಳು ಪುಟ್ಟಿ," ಎಂದವಳೇ ತಂಗಿ, ಕೋರ್ಟಿನಲ್ಲೂ ಅಳದವಳು, ಮಗಳನ್ನು ತಬ್ಬಿಕೊಂಡು ಗೋಳೋ ಎಂದು ಅತ್ತುಬಿಟ್ಟಳು.